ಸೇಡಿನ ಕೈಯಲ್ಲಿ ವಾರಂಟು: ‘ಲಾಸ್ಟ್ ಟ್ರೇನ್ ಫ್ರಂ ಗನ್ ಹಿಲ್’ ಚಿತ್ರವನ್ನು ಕುರಿತು

ಶಾಸನ, ಹಸ್ತಪ್ರತಿ, ಛಂದಸ್ಸುಗಳ ವಿಚಾರಕ್ಕೆ ಹೆಚ್ಚು ಮೀಸಲಾದ ಇಂಥ ಸಂಚಿಕೆಯಲ್ಲಿ ಕುದುರೆ, ಕೋವಿ, ಧೂಳುಗಳಿಂದ ತುಂಬಿದ ಅಮೆರಿಕದ ಚಲನಚಿತ್ರವೊಂದನ್ನು ಕುರಿತು ಬರೆಯುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಕಥೆ ಓಲೆಗರಿಯ ಮೇಲಿದ್ದರೂ ಬೆಳ್ಳಿತೆರೆಯ ಮೇಲಿದ್ದರೂ ಕಥೆಯೇ. ವೀರ, ರೌದ್ರ, ಕರುಣಗಳನ್ನು ಅಳೆಯುವ ಕೋಲು ಎರಡಕ್ಕೂ ಬೇರೆಬೇರೆಯಾಗಬೇಕಾಗಿಲ್ಲ. ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಪಾಠ ಹೇಳಿದ ಅಧ್ಯಾಪಕರಿಗೆ ಸೇಡಿನ ಕಥೆ ಹೊಸದಲ್ಲ. ಪ್ರತಿಜ್ಞೆ ತೊಟ್ಟ ಭೀಮನಿಗಿಂತ ಆ ಪ್ರತಿಜ್ಞೆಗೆ ಗುರಿಯಾದ ದುರ್ಯೋಧನನೇ ಎಷ್ಟೋ ಕಡೆ ನಮ್ಮ ಮರುಕವನ್ನು ಸೆಳೆದುಕೊಂಡುಬಿಡುವ ವೈಚಿತ್ರ್ಯವನ್ನು ಅವರು ಬಲ್ಲರು. ಅದನ್ನು ಹೋಲುವ ವೈಚಿತ್ರ್ಯವೊಂದು 1959ರಲ್ಲಿ ತೆರೆಕಂಡ ‘ಲಾಸ್ಟ್ ಟ್ರೇನ್ ಫ್ರಂ ಗನ್ ಹಿಲ್’ ಎಂಬ ಚಿತ್ರದಲ್ಲಿಯೂ ಉಂಟು. ‘ಗನ್ ಹಿಲ್ ಊರಿನಿಂದ ಹೊರಡುವ ಕೊನೆಯ ರೈಲು’ ಎಂದು ಅದರ ಹೆಸರಿನ ಅರ್ಥ.

‘ವೆಸ್ಟರ್ನ್’ ಎಂದು ಕರೆಯಲಾಗುವ ಚಿತ್ರಗಳ ಜಾತಿಯೇ ಬೇರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ದನಗಾಹಿಗಳು, ಜಮೀನುದಾರರು, ರೈಲು ಕಂಪೆನಿಗಳು, ಮೂಲನಿವಾಸಿಗಳು ಇವರ ನಡುವೆ ನಡೆದ ಘರ್ಷಣೆಯೇ ಅವುಗಳ ವಸ್ತು. ಅಲ್ಲಿ ಕಾನೂನು ಇನ್ನೂ ನೆಲೆಯೂರಿರಲಿಲ್ಲ. ಊರಿಗೊಬ್ಬ ಮಾರ್ಷಲ್ ಅಥವಾ ಷೆರಿಫ್, ಅವನ ಎದೆಯ ಮೇಲೊಂದು ತಗಡಿನ ನಕ್ಷತ್ರ, ಸೊಂಟದಲ್ಲೊಂದು ಪಿಸ್ತೂಲು. ಇವಿಷ್ಟೇ ರಾಜ್ಯಾಂಗದ ಪ್ರತಿನಿಧಿಗಳು. ಆದುದರಿಂದ ಈ ಜಾತಿಯ ಕಥೆಗಳು ಬಯಸಿದರೂ ಬಯಸದಿದ್ದರೂ ಒಂದು ಪ್ರಶ್ನೆಯ ಸುತ್ತ ತಿರುಗುತ್ತವೆ: ಕೊಲ್ಲುವ ಶಕ್ತಿಯುಳ್ಳ ಮನುಷ್ಯನಿಗೂ ಶಿಕ್ಷಿಸುವ ಅಧಿಕಾರವುಳ್ಳ ಮನುಷ್ಯನಿಗೂ ಭೇದವೇನು? ಬಹುತೇಕ ಚಿತ್ರಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಗುಂಡು ಹಾರಿಸಿ ಮುಗಿಸುತ್ತವೆ. ಗನ್ ಹಿಲ್‌ನ ಚಿತ್ರ ಕೇಳುತ್ತದೆ. ಉತ್ತರ ಹೇಳುವ ಹೊತ್ತಿಗೆ ಮಾತ್ರ ಅದು ತಲೆತಪ್ಪಿಸಿಕೊಳ್ಳುತ್ತದೆಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಚಿತ್ರದ ನಿರ್ದೇಶಕರು ಜಾನ್ ಸ್ಟರ್ಜಸ್ (1910-1992), ನಿರ್ಮಾಪಕರು ಹಾಲ್ ವಾಲಿಸ್. ಲೆಸ್ ಕ್ರಚ್‌ಫೀಲ್ಡ್ ಅವರ ಕಥೆಯನ್ನು ಜೇಮ್ಸ್ ಪೋ ಚಿತ್ರಕಥೆಯಾಗಿ ಬರೆದರು. ಸಂಗೀತ ದಿಮಿತ್ರಿ ತ್ಯೋಮ್ಕಿನ್ ಅವರದು, ಛಾಯಾಗ್ರಹಣ ಚಾರ್ಲ್ಸ್ ಲ್ಯಾಂಗ್ ಅವರದು. ಎರಡು ಮುಖ್ಯ ಪಾತ್ರಗಳಲ್ಲಿ ಕರ್ಕ್ ಡಗ್ಲಸ್ ಮತ್ತು ಆಂಥೊನಿ ಕ್ವಿನ್. ಇವರಿಬ್ಬರೂ 1956ರ ‘ಲಸ್ಟ್ ಫಾರ್ ಲೈಫ್’ ಚಿತ್ರದಲ್ಲಿ ವ್ಯಾನ್ ಗೋ ಮತ್ತು ಗೋಗೆಂ ಎಂಬ ಚಿತ್ರಕಾರರಾಗಿ ಜೊತೆಗೆ ಅಭಿನಯಿಸಿದ್ದರು. ಸ್ನೇಹವೂ ಜಗಳವೂ ಬೆರೆತ ಆ ಸಂಬಂಧದ ನೆನಪು ಇದ್ದ ಪ್ರೇಕ್ಷಕರಿಗೆ ಈ ಚಿತ್ರದ ಹಳೆಯ ಗೆಳೆಯರು ಮೊದಲ ನೋಟದಲ್ಲೇ ನಿಜವಾಗಿ ತೋರಿರಬೇಕು.

ಕಥೆಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯ. ಕ್ಯಾಥರಿನ್ ಎಂಬ ಚೆರೊಕೀ ಜನಾಂಗದ ಹೆಂಗಸು ತನ್ನ ತಂದೆಯನ್ನು ನೋಡಿಕೊಂಡು ಮಗನೊಡನೆ ಬಂಡಿಯಲ್ಲಿ ಮರಳುತ್ತಿದ್ದಾಳೆ. ದಾರಿಯಲ್ಲಿ ಕುಡಿದ ಇಬ್ಬರು ತರುಣರು ಅವಳನ್ನು ಕಾಡತೊಡಗುತ್ತಾರೆ. ಅವಳು ಚಾಟಿ ಬೀಸಿ ಒಬ್ಬನ ಕೆನ್ನೆ ಸೀಳುತ್ತಾಳೆ, ಬಂಡಿಯನ್ನು ಓಡಿಸುತ್ತಾಳೆ. ಬಂಡಿ ಉರುಳುತ್ತದೆ. ಹುಡುಗ ಆ ದುರುಳರ ಒಂದು ಕುದುರೆಯನ್ನೇರಿ ತಪ್ಪಿಸಿಕೊಂಡು ಊರಿಗೆ ಓಡುತ್ತಾನೆ. ಅವಳ ಮಾನವೂ ಪ್ರಾಣವೂ ಹೋಗುತ್ತವೆ. ಆ ಕಾಲದ ಹಾಲಿವುಡ್ ನಿರ್ಮಾಪಕರು ಒಪ್ಪಿಕೊಂಡಿದ್ದ ನೀತಿಸಂಹಿತೆಗೆ ತಕ್ಕಂತೆ ಆ ಘೋರಕೃತ್ಯವನ್ನು ತೆರೆಯ ಮೇಲೆ ತೋರಿಸಿಲ್ಲ. ತೋರಿಸದೆ ಇದ್ದುದರಿಂದ ಅದರ ಭೀಕರತೆ ಹೆಚ್ಚಿದೆಯೇ ಹೊರತು ಕುಂದಿಲ್ಲ.

ಅವಳ ಗಂಡ ಮ್ಯಾಟ್ ಮಾರ್ಗನ್, ಪಾಲಿ ಎಂಬ ಊರಿನ ಮಾರ್ಷಲ್. ಮಗ ಓಡಿಬಂದಾಗ ಅವನು ಊರಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಾನು ಹಿಂದೆ ದುಷ್ಟರನ್ನು ಹೊಡೆದುರುಳಿಸಿದ ಸಾಹಸವನ್ನು ಕಥೆಯಾಗಿ ಹೇಳುತ್ತಿದ್ದಾನೆ. ಇದು ಸಣ್ಣ ವಿವರವಾದರೂ ಬಹಳ ಔಚಿತ್ಯವುಳ್ಳದ್ದು. ಮಕ್ಕಳಿಗೆ ರಂಜನೆಯ ಕಥೆಯಾಗಿದ್ದ ಕೊಲೆ ಮರುಕ್ಷಣದಲ್ಲಿ ಅವನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಕೊಲೆಗಾರರ ಗುರುತಿಗೆ ಉಳಿದಿರುವುದು ಎರಡೇ: ಮಗ ಏರಿ ಬಂದ ಕುದುರೆಯ ಮೇಲಿನ ಬೆಲೆಬಾಳುವ ಜೀನು, ಮತ್ತು ಒಬ್ಬನ ಕೆನ್ನೆಯ ಮೇಲೆ ಇರಬೇಕಾದ ಚಾಟಿಯ ಗಾಯ. ಜೀನನ್ನು ಮಾರ್ಗನ್ ನೋಡಿದ ಕೂಡಲೆ ಗುರುತಿಸುತ್ತಾನೆ. ಅದು ಅವನ ಹಳೆಯ ಗೆಳೆಯ ಕ್ರೇಗ್ ಬೆಲ್ಡನ್‌ನದು. ಬೆಲ್ಡನ್ ಈಗ ಗನ್ ಹಿಲ್‌ನ ದೊಡ್ಡ ದನದ ಸಾಹುಕಾರ. ಊರಿನ ಜೀವನವೆಲ್ಲ ಅವನ ಕೈಯಲ್ಲಿದೆ.

ಮಾರ್ಗನ್ ಜೀನನ್ನು ಹೊತ್ತು ರೈಲಿನಲ್ಲಿ ಹೋಗಿ ಗೆಳೆಯನ ಮನೆಗೆ ಬರುವ ಸನ್ನಿವೇಶ ಇಡೀ ಚಿತ್ರದಲ್ಲಿ ಅತ್ಯುತ್ತಮವಾದುದು. ಬೆಲ್ಡನ್‌ಗೆ ಗೆಳೆಯನನ್ನು ಕಂಡು ನಿಜವಾದ ಸಂತೋಷ. ಜೀನು ಕಳುವಾಯಿತೆಂದು ಮಗ ಹೇಳಿದ ಸುಳ್ಳನ್ನು ಅವನು ನಂಬಿದ್ದಾನೆ. ಮಾರ್ಗನ್ ಕೂಡ ಇದು ಯಾರೋ ಕಳ್ಳರ ಕೆಲಸವೆಂದೇ ಎಣಿಸಿ ಬಂದಿದ್ದಾನೆ. ಮಾತು ಬೆಳೆಯುತ್ತದೆ. ಕೊಲೆಯಾದದ್ದು ತನ್ನ ಹೆಂಡತಿಯೆಂದೂ, ಕೊಲೆಗಾರನ ಕೆನ್ನೆಯಲ್ಲಿ ಚಾಟಿಯ ಬರೆ ಇದೆಯೆಂದೂ ಮಾರ್ಗನ್ ಹೇಳುತ್ತಾನೆ. ಆ ಕ್ಷಣ ಕ್ವಿನ್ ಅವರ ಮುಖವನ್ನು ನೋಡಬೇಕು. ಅವರು ಕೂಗುವುದಿಲ್ಲ, ಬೆಚ್ಚುವುದೂ ಇಲ್ಲ. ಆತಿಥ್ಯದ ನಗೆ ಮುಖದ ಮೇಲೆ ಹಾಗೆಯೇ ಇದ್ದು ಅದರ ಹಿಂದಿನ ದೀಪ ಮಾತ್ರ ಆರಿಹೋಗುತ್ತದೆ. ಮಗನ ಕೆನ್ನೆಯ ಗಾಯವನ್ನು ಅವನು ಆಗಲೇ ನೋಡಿದ್ದಾನೆ. ಗೆಳೆಯನಿಗೂ ಅದು ತಿಳಿದುಬಿಡುತ್ತದೆ. ಇಬ್ಬರಿಗೂ ತಿಳಿದಿದೆಯೆಂಬುದು ಇಬ್ಬರಿಗೂ ತಿಳಿಯುತ್ತದೆ. ನಮ್ಮ ಆಲಂಕಾರಿಕರು ‘ಭಾವಶಬಲತೆ’ ಎಂದು ಕರೆದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತೆರೆಯ ಮೇಲೆ ಸುಲಭವಾಗಿ ಸಿಕ್ಕದು. ಹರ್ಷ, ಶಂಕೆ, ಭಯ, ಮಮತೆ, ಮೋಸ ಇವೆಲ್ಲ ಕೆಲವೇ ನಿಮಿಷಗಳಲ್ಲಿ ಒಂದನ್ನೊಂದು ಒತ್ತಿಕೊಂಡು ಬರುತ್ತವೆ.

ಬೆಲ್ಡನ್‌ನನ್ನು ಖಳನಾಯಕನೆಂದು ಕರೆದು ಮುಂದೆ ಹೋಗುವುದು ಅನ್ಯಾಯವಾದೀತು. ಅವನಲ್ಲಿ ದರ್ಪವಿದೆ, ಕ್ರೌರ್ಯವೂ ಇದೆ. ಅವನ ಪ್ರೇಯಸಿ ಲಿಂಡಾ ಆಸ್ಪತ್ರೆಯಿಂದ ಮರಳುತ್ತಿರುವುದು ಅವನೇ ಹೊಡೆದುದರ ಫಲವಾಗಿ. ಮಗ ರಿಕ್‌ನನ್ನು ಅವನು ಸಾಕಿದ ಬಗೆಯೂ ಹಾಗೆಯೇ. ಕೆನ್ನೆಯ ಗಾಯವನ್ನು ನೋಡಿ ಆಳೊಬ್ಬ ಹಾಸ್ಯ ಮಾಡಿದಾಗ, ಬೆಲ್ಡನ್ ವಂಶದ ಮಾನ ಹೋಯಿತೆಂದು ಮಗನನ್ನು ಆ ಗಟ್ಟಿಮುಟ್ಟಾದ ಆಳಿನೊಡನೆ ಜಗಳಕ್ಕೆ ನೂಕುತ್ತಾನೆ. ಹುಡುಗ ಹೊಡೆತ ತಿಂದು ಬೀಳುತ್ತಾನೆ. ಧೈರ್ಯವನ್ನು ಹೀಗೆ ಕಲಿಸಲಾಗುತ್ತದೆಂದು ನಂಬಿದ ತಂದೆಯ ಮಗ, ತನಗಿಂತ ಬಲಹೀನಳಾದ ಹೆಂಗಸನ್ನು ಕಾಡಿನ ದಾರಿಯಲ್ಲಿ ಕಂಡಾಗ ಏನು ಮಾಡಿದನೋ ಅದರ ಬೀಜ ಈ ಅಂಗಳದಲ್ಲಿಯೇ ಇದೆ. ಚಿತ್ರಕಥೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ದೃಶ್ಯಗಳನ್ನು ಹತ್ತಿರ ಹತ್ತಿರ ಇಟ್ಟು ಸುಮ್ಮನಾಗುತ್ತದೆ. ಪುತ್ರವ್ಯಾಮೋಹವೆಂದೊಡನೆ ನಮಗೆ ಧೃತರಾಷ್ಟ್ರನ ನೆನಪಾಗುವುದು ಸಹಜ. ಆದರೆ ಬೆಲ್ಡನ್ ಕುರುಡನಲ್ಲ. ಮಗನ ಅಪರಾಧವನ್ನು ಅವನು ಕಣ್ಣಾರೆ ಕಾಣುತ್ತಾನೆ, ಅದನ್ನು ಹೇಸುತ್ತಾನೆ, ಆದರೂ ಅವನನ್ನು ಬಿಟ್ಟುಕೊಡಲಾರ. ಕಂಡೂ ಬಿಡಲಾರದ ಈ ತಂದೆಯ ಸಂಕಟ ಕಾಣದೆ ಬಿಡಲಾರದ ತಂದೆಯ ಸಂಕಟಕ್ಕಿಂತ ಕಠಿನವಾದುದು.

ಮಾರ್ಗನ್ ಶಪಥಮಾಡುತ್ತಾನೆ: ರಿಕ್‌ನನ್ನೂ ಅವನ ಜೊತೆಗಾರ ಲೀಯನ್ನೂ ಹಿಡಿದು ಈ ರಾತ್ರಿಯ ಕೊನೆಯ ರೈಲಿನಲ್ಲಿ ಕರೆದೊಯ್ಯುವೆನು. ಅವನ ಹತ್ತಿರ ಎರಡು ವಾರಂಟುಗಳಿವೆ. ಊರಿನ ಷೆರಿಫ್ ಅವುಗಳನ್ನು ನೋಡಿ ಕೈಚೆಲ್ಲುತ್ತಾನೆ. ಆ ಮುದುಕನ ಮಾತು ಕೇಳಲು ಹಾಸ್ಯದಂತಿದ್ದರೂ ಒಳಗೆ ಕಹಿ. ನಲವತ್ತು ವರ್ಷ ಕಳೆದ ಮೇಲೆ ನನ್ನ ಗೋರಿಯ ಮೇಲೂ ನಿನ್ನ ಗೋರಿಯ ಮೇಲೂ ಒಂದೇ ಬಗೆಯ ಹುಲ್ಲು ಬೆಳೆದಿರುತ್ತದೆ, ನಾನು ಹೇಡಿಯಾಗಿದ್ದೆನೆಂದಾಗಲಿ ನೀನು ಹುಂಬನಾಗಿ ಸತ್ತೆಯೆಂದಾಗಲಿ ಆಗ ಯಾರಿಗೆ ನೆನಪಿರುತ್ತದೆ ಎಂಬುದು ಅವನ ವಾದದ ಸಾರ. ಈ ಪಾತ್ರಕ್ಕೆ ಚಿತ್ರದಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ, ಆದರೆ ಅವನನ್ನು ಮರೆಯುವುದು ಕಷ್ಟ. ಹಳ್ಳಿಯ ಪಟೇಲನ ಮುಂದೆ ತಲೆಯೆತ್ತಲಾರದ ಶ್ಯಾನುಭೋಗನನ್ನು ಕಂಡವರಿಗೆ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಅನಂತರ ಕಥೆ ಒಂದು ಕೋಣೆಯೊಳಕ್ಕೆ ಸೇರುತ್ತದೆ. ಪಾನಗೃಹದ ಮಹಡಿಯಲ್ಲಿದ್ದ ರಿಕ್‌ನನ್ನು ಮಾರ್ಗನ್ ಹಿಡಿದು ಹೋಟೆಲಿನ ಕೋಣೆಯೊಂದಕ್ಕೆ ತಂದು ಮಂಚಕ್ಕೆ ಕೈಕೋಳ ಹಾಕಿ ಕಟ್ಟುತ್ತಾನೆ. ಹೊರಗೆ ಬೆಲ್ಡನ್‌ನ ಆಳುಗಳು ಹೋಟೆಲನ್ನು ಸುತ್ತುವರಿದಿದ್ದಾರೆ. ಆದರೆ ಗುಂಡು ಹಾರಿಸಿದರೆ ಮಗನಿಗೆ ತಗಲೀತೆಂಬ ಭಯದಿಂದ ಸಾಹುಕಾರನ ಬಲವೆಲ್ಲ ಕಟ್ಟಿಹಾಕಿದಂತಾಗಿದೆ. ಒಳಗೊಬ್ಬ ತಂದೆ, ಹೊರಗೊಬ್ಬ ತಂದೆ, ನಡುವೆ ಕಟ್ಟಿಹಾಕಿದ ಹುಡುಗ. ರೈಲು ಬರುವತನಕ ಹೊತ್ತು ಕಳೆಯಬೇಕು.

ಕೈದಿಯೊಡನೆ ಹೋಟೆಲಿನ ಕೋಣೆಯಲ್ಲಿ ರೈಲಿಗಾಗಿ ಕಾಯುವ ಈ ಸನ್ನಿವೇಶ ಸ್ಟರ್ಜಸ್ ಅವರ ಸ್ವಂತ ಕಲ್ಪನೆಯಲ್ಲ. ಎರಡು ವರ್ಷ ಹಿಂದೆ, 1957ರಲ್ಲಿ, ಡೆಲ್ಮರ್ ಡೇವ್ಸ್ ನಿರ್ದೇಶಿಸಿದ ‘3:10 ಟು ಯೂಮಾ’ ಚಿತ್ರದ ಜೀವಾಳವೇ ಇದು. ಅದಕ್ಕೂ ಮುಂಚೆ ಫ್ರೆಡ್ ಜಿನ್ನೆಮಾನ್ ಅವರ ‘ಹೈ ನೂನ್’ (1952) ರೈಲಿನ ವೇಳೆಯನ್ನೇ ಕಥೆಯ ಉಸಿರಾಗಿ ಮಾಡಿಕೊಂಡಿತ್ತು. ಗಡಿಯಾರ, ಹಳಿ, ಹೆದರಿದ ಊರು ಈ ಸಾಮಗ್ರಿ ಸಾಲ ತಂದದ್ದೆಂದು ಒಪ್ಪಿಕೊಳ್ಳಬೇಕು. ಆದರೆ ಸಾಲದ ಬೀಜ ಇಲ್ಲಿ ಬೇರೆ ಬೆಳೆ ಕೊಟ್ಟಿದೆ. ಡೇವ್ಸ್ ಅವರ ಚಿತ್ರದಲ್ಲಿ ಕೋಣೆಯೊಳಗೆ ಮಾತನಾಡುವವನು ಕೈದಿ. ಕಾವಲಿಗಿರುವ ಬಡ ರೈತನಿಗೆ ಅವನು ಹಣದ ಆಸೆ ತೋರಿಸಿ, ಮೃದುವಾಗಿ, ಮಂಚದ ಮೇಲೆ ಮಲಗಿಕೊಂಡೇ ಮನಸ್ಸನ್ನು ಕದಿಯಲು ನೋಡುತ್ತಾನೆ. ಗನ್ ಹಿಲ್‌ನ ಕೋಣೆಯಲ್ಲಿ ಮಾತನಾಡುವವನು ಕಾವಲುಗಾರ. ಕೈದಿ ಕೇಳುತ್ತಾನೆ, ಕೇಳಿ ನಡುಗುತ್ತಾನೆ.

ಆ ಮಾತು ಯಾವುದು? ಮಾರ್ಗನ್ ರಿಕ್‌ನಿಗೆ ಹೇಳುವುದಿಷ್ಟು: ನಿನ್ನನ್ನು ಈಗಲೇ ಕೊಲ್ಲಬಲ್ಲೆ, ಆದರೆ ಅದು ಬಹಳ ಸುಲಭವಾದ ಸಾವಾಗುತ್ತದೆ. ನಿನ್ನನ್ನು ಕಾನೂನು ಕೊಲ್ಲಲಿ. ಹೀಗೆಂದು ಅವನು ಸೆರೆಮನೆಯ ಕೋಣೆಯನ್ನು, ವಿಚಾರಣೆಯನ್ನು, ತೀರ್ಪನ್ನು, ಅದರ ಬಳಿಕ ದಿನ ಎಣಿಸುವ ಕಾಲವನ್ನು, ನೇಣುಗಂಬದ ಮೆಟ್ಟಿಲುಗಳನ್ನು, ಕುತ್ತಿಗೆಗೆ ಹಗ್ಗ ಬೀಳುವುದನ್ನು ಒಂದೊಂದಾಗಿ, ಅವಸರವಿಲ್ಲದೆ, ರುಚಿ ನೋಡುವವನಂತೆ ವರ್ಣಿಸುತ್ತಾನೆ. ಡಗ್ಲಸ್ ಅವರು ಹಲ್ಲು ಕಚ್ಚಿ ಮಾತನಾಡುವ ತಮ್ಮ ಪ್ರಸಿದ್ಧ ಶೈಲಿಯನ್ನು ಇಲ್ಲಿ ಸಾರ್ಥಕವಾಗಿ ಬಳಸಿದ್ದಾರೆ. ಬೇರೆ ಚಿತ್ರಗಳಲ್ಲಿ ಅತಿಯೆನಿಸುವ ಆ ಶೈಲಿ ಇಲ್ಲಿ ತಕ್ಕ ಪಾತ್ರೆಗೆ ಬಿದ್ದಿದೆ.

ಈ ಭಾಷಣವನ್ನು ಕೇಳಿ ‘ನೋಡಿ, ಎಷ್ಟು ನೊಂದರೂ ಅವನು ಕಾನೂನನ್ನು ಬಿಡಲಿಲ್ಲ’ ಎಂದು ಹೊಗಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ನ್ಯಾಯವೆಂಬುದರ ಸತ್ತ್ವ ಇರುವುದು ಶಿಕ್ಷೆಯಲ್ಲಲ್ಲ, ಶಿಕ್ಷೆಗೂ ಶಿಕ್ಷಿಸುವವನಿಗೂ ನಡುವಿನ ದೂರದಲ್ಲಿ. ವಾದಿಯೇ ತೀರ್ಪುಗಾರನಾಗಬಾರದೆಂಬ ಕಟ್ಟಳೆ ಎಲ್ಲ ನಾಡುಗಳ ಧರ್ಮಶಾಸ್ತ್ರಗಳಲ್ಲಿಯೂ ಇರುವುದು ಇದಕ್ಕಾಗಿಯೇ. ಮಾರ್ಗನ್ ತನ್ನ ಮಾತಿನಿಂದ ಆ ದೂರವನ್ನು ಅಳಿಸಿಹಾಕುತ್ತಾನೆ. ಸಾಕ್ಷಿಗಳ ಹೇಳಿಕೆ ಇನ್ನೂ ಆಗಿಲ್ಲ, ಜ್ಯೂರಿಯವರು ಕುಳಿತಿಲ್ಲ. ಅವನ ಮನಸ್ಸಿನಲ್ಲಿ ಹಗ್ಗ ಆಗಲೇ ಎಣ್ಣೆ ಕುಡಿದು ಸಿದ್ಧವಾಗಿದೆ. ಕಾನೂನು ಅವನಿಗೆ ಸೇಡನ್ನು ತಡೆಯುವ ಬೇಲಿಯಲ್ಲ. ಅದೇ ಸೇಡು, ಕೋವಿಗಿಂತ ನಿಧಾನವಾದ, ಕೋವಿಗಿಂತ ಕ್ರೂರವಾದ ಆಯುಧ. ವಾರಂಟು ಇರುವುದು ಸೇಡಿನ ಕೈಯಲ್ಲಿ. ಇಷ್ಟನ್ನು ಒಬ್ಬ ನಾಯಕನ ಬಾಯಿಂದ, ಪ್ರೇಕ್ಷಕರ ಪೂರ್ಣ ಸಹಾನುಭೂತಿ ಅವನ ಕಡೆಗಿರುವಾಗ, ಹೇಳಿಸಿರುವುದು ಈ ಚಿತ್ರದ ದೊಡ್ಡ ಧೈರ್ಯ. ಹಾಸಿಗೆಗೆ ಕಟ್ಟಿದ ಆ ಹುಡುಗನ ಬೆವರಿದ ಮುಖವನ್ನು ನೋಡುತ್ತ, ಅವನು ಮಾಡಿದ ಪಾಪವನ್ನು ಬಲ್ಲ ನಾವೂ ಒಂದು ನಿಮಿಷ ಅಂಜುತ್ತೇವೆ. ಅಂಜುವುದು ಅವನಿಗಾಗಿ ಅಲ್ಲ, ಮಾರ್ಗನ್‌ನಿಗಾಗಿ.

ಇಲ್ಲಿಯತನಕ ಬಂದ ಚಿತ್ರ ಮುಂದೆ ಏನು ಮಾಡಬೇಕಾಗಿತ್ತು? ಎರಡು ದಾರಿಗಳಿದ್ದುವು. ರಿಕ್‌ನನ್ನು ರೈಲಿಗೆ ಹತ್ತಿಸಿ ಕಾನೂನಿನ ಕೈಗೆ ಕೊಟ್ಟು, ಸೇಡಿನ ಮನುಷ್ಯ ಆ ತೀರ್ಪಿನ ಮುಂದೆ ಹೇಗೆ ನಿಲ್ಲುತ್ತಾನೆಂದು ತೋರಿಸಬಹುದಿತ್ತು. ಇಲ್ಲವೆ ಮಾರ್ಗನ್ ತಡೆಯಲಾರದೆ ತಾನೇ ಕೊಂದು ತನ್ನ ನಕ್ಷತ್ರವನ್ನು ಕಳೆದುಕೊಳ್ಳಬಹುದಿತ್ತು. ಚಿತ್ರ ಎರಡನ್ನೂ ಮಾಡುವುದಿಲ್ಲ. ಲೀ ಹೋಟೆಲಿಗೆ ಬೆಂಕಿಯಿಡುತ್ತಾನೆ. ಲಿಂಡಾ ಗುಟ್ಟಾಗಿ ತಂದುಕೊಟ್ಟ ಕೋವಿಯನ್ನು ರಿಕ್‌ನ ಗದ್ದದ ಕೆಳಗೆ ಒತ್ತಿ ಹಿಡಿದು ಮಾರ್ಗನ್ ಬಂಡಿಯಲ್ಲಿ ನಿಂತು ಊರಿನ ಬೀದಿಯಲ್ಲಿ ನಿಲ್ದಾಣದ ಕಡೆಗೆ ನಡೆಯುತ್ತಾನೆ. ಹಿಂದೆ ಉರಿಯುವ ಕಟ್ಟಡ, ಸುತ್ತ ಕೋವಿ ಹಿಡಿದೂ ಏನೂ ಮಾಡಲಾರದ ಜನ. ಚಾರ್ಲ್ಸ್ ಲ್ಯಾಂಗ್ ಅವರ ಬಣ್ಣದ ಛಾಯಾಗ್ರಹಣ ಇಲ್ಲಿ ತನ್ನ ಪೂರ್ಣ ಶಕ್ತಿಯನ್ನು ತೋರುತ್ತದೆ. ನಿಲ್ದಾಣದಲ್ಲಿ ಲೀ ಮಾರ್ಗನ್‌ನಿಗೆ ಗುರಿಯಿಟ್ಟು ಹಾರಿಸಿದ ಗುಂಡು ತಪ್ಪಿ ರಿಕ್‌ನಿಗೇ ತಗಲುತ್ತದೆ. ಮಾರ್ಗನ್ ಲೀಯನ್ನು ಕೊಲ್ಲುತ್ತಾನೆ. ಮಗನನ್ನು ಕಳೆದುಕೊಂಡ ಬೆಲ್ಡನ್ ಗೆಳೆಯನನ್ನು ದ್ವಂದ್ವಕ್ಕೆ ಕರೆಯುತ್ತಾನೆ, ಸಾಯುತ್ತಾನೆ.

ಕೌಶಲದಿಂದ ಹೆಣೆದ ಮುಗಿತಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಕೌಶಲವೇ ನುಣುಚಿಕೊಳ್ಳುವ ದಾರಿ. ರಿಕ್ ಸತ್ತದ್ದು ಕಾನೂನಿನಿಂದಲ್ಲ, ಸೇಡಿನಿಂದಲೂ ಅಲ್ಲ, ಗುರಿತಪ್ಪಿದ ಒಂದು ಗುಂಡಿನಿಂದ. ಅಪರಾಧಿಗೆ ಶಿಕ್ಷೆಯಾಯಿತೆಂದು ಪ್ರೇಕ್ಷಕರಿಗೆ ತೃಪ್ತಿ, ನಾಯಕನ ಕೈ ಕೆಂಪಾಗಲಿಲ್ಲವೆಂದು ನೀತಿಸಂಹಿತೆಗೆ ತೃಪ್ತಿ. ಕೋಣೆಯೊಳಗೆ ಆಡಿದ ಭಯಂಕರವಾದ ಮಾತಿಗೆ ಮಾರ್ಗನ್ ಲೆಕ್ಕ ಒಪ್ಪಿಸಬೇಕಾಗಿ ಬರಲಿಲ್ಲ. ಇಡೀ ಚಿತ್ರ ಯಾವ ರೈಲಿಗಾಗಿ ಕಾದಿತೋ ಆ ರೈಲು ಸರಿಯಾದ ವೇಳೆಗೆ ಬಂದಿತು, ಕೈದಿಯಿಲ್ಲದೆ ಹೊರಟಿತು. ಜೇಬಿನಲ್ಲಿದ್ದ ಎರಡು ವಾರಂಟುಗಳೂ ಜಾರಿಯಾಗದೆ ಉಳಿದುವು. ಬೆಲ್ಡನ್‌ನ ಕೊನೆಯುಸಿರಿನ ಮಾತುಗಳು ಮಾತ್ರ ಈ ದೋಷವನ್ನು ಸ್ವಲ್ಪಮಟ್ಟಿಗೆ ಮುಚ್ಚುತ್ತವೆ. ಅವನು ಗೆಳೆಯನ ಮಗನ ಹೆಸರು ಕೇಳುತ್ತಾನೆ, ಅವನನ್ನು ಚೆನ್ನಾಗಿ ಬೆಳೆಸೆನ್ನುತ್ತಾನೆ. ಈ ಒಂದು ಮಾತಿನಲ್ಲಿ ತನ್ನ ಬಾಳಿನ ಸೋಲನ್ನೆಲ್ಲ ಅವನು ಒಪ್ಪಿಕೊಂಡುಬಿಡುತ್ತಾನೆ. ನಮ್ಮ ಕರುಣೆ ನಾಯಕನನ್ನು ಬಿಟ್ಟು ಅವನ ಕಡೆಗೆ ಹರಿಯುವುದು ಆಗ.

ಇನ್ನೊಂದು ಕೊರತೆಯನ್ನು ಹೇಳದಿರಲಾಗದು. ಯಾರ ಸಾವಿಗಾಗಿ ಇಷ್ಟೆಲ್ಲ ನಡೆಯಿತೋ ಆ ಕ್ಯಾಥರಿನ್ ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ ಇದ್ದಾಳೆ. ಆ ದುರುಳರ ಕಣ್ಣಿಗೆ ಅವಳು ಬರಿಯ ಒಬ್ಬ ಇಂಡಿಯನ್ ಹೆಂಗಸು. ನಮ್ಮ ಹಳೆಯ ಪಠ್ಯಪುಸ್ತಕಗಳು ‘ಕೆಂಪು ಇಂಡಿಯನ್ನರು’ ಎಂದು ಕರೆಯುತ್ತಿದ್ದ ಆ ಜನರನ್ನು ಕುರಿತು 1950ರ ದಶಕದ ಹಾಲಿವುಡ್‌ನಲ್ಲಿ ಹೊಸ ಸಹಾನುಭೂತಿಯೊಂದು ಮೂಡಿದ್ದು ನಿಜ. ಬಿಳಿಯ ಮಾರ್ಷಲ್ ಒಬ್ಬ ಚೆರೊಕೀ ಹೆಂಡತಿಗಾಗಿ ಬಿಳಿಯ ಸಾಹುಕಾರನೊಡನೆ ಸೆಣಸುವುದು ಆ ಸಹಾನುಭೂತಿಯ ಫಲವೇ. ಅದನ್ನು ಗೌರವಿಸೋಣ. ಆದರೂ ಆ ಪಾತ್ರವನ್ನು ಮೂಲನಿವಾಸಿ ನಟಿಯೊಬ್ಬಳಿಗೆ ಕೊಡಬೇಕೆಂದು ತೋರಲಿಲ್ಲ, ಇಸ್ರೇಲಿನಿಂದ ಬಂದ ಜಿವಾ ರೊಡಾನ್ ಅದನ್ನು ಅಭಿನಯಿಸಿದರು. ಚೆರೊಕೀ ಎಂಬ ಹೆಸರು ಚಿತ್ರದಲ್ಲಿ ಬಣ್ಣದ ಒಂದು ಚುಕ್ಕೆಯಂತೆ ಉಳಿಯಿತು.

ಆ ಹೆಸರಿನ ಹಿಂದಿರುವುದನ್ನು ಚಿತ್ರಕಥೆಯವರು ತೆರೆದು ನೋಡಿದ್ದರೆ ತಮ್ಮ ವಸ್ತುವಿನ ಕೀಲಿಕೈ ಅಲ್ಲಿಯೇ ಸಿಕ್ಕುತ್ತಿತ್ತು. ಹಿಂದೆ ಚೆರೊಕೀ ಜನರಲ್ಲಿ ಕುಲದ ಒಬ್ಬನನ್ನು ಕೊಂದರೆ ಕೊಂದವನ ಕುಲದಿಂದ ಒಂದು ಜೀವವನ್ನು ತೆಗೆದುಕೊಳ್ಳುವ ರಕ್ತಸೇಡಿನ ಪದ್ಧತಿಯಿತ್ತು. 1808ರಲ್ಲಿ ಅವರು ಬರೆದಿಟ್ಟ ಕಾನೂನು ಮಾಡಿಕೊಂಡು, ಅದನ್ನು ಪಾಲಿಸಲು ಕುದುರೆಸವಾರರ ದಳವೊಂದನ್ನು ನೇಮಿಸಿದರು. 1810ರಲ್ಲಿ ಕುಲಕುಲಗಳ ಸೇಡನ್ನು ಒಟ್ಟುಸಭೆಯಲ್ಲಿ ರದ್ದುಮಾಡಿದರು. 1820ರ ದಶಕದಲ್ಲಿ ತಮ್ಮದೇ ಉಚ್ಚ ನ್ಯಾಯಾಲಯ ಸ್ಥಾಪಿಸಿದರು, 1827ರಲ್ಲಿ ಸಂವಿಧಾನ ಬರೆದುಕೊಂಡರು. ಸಿಕ್ವೋಯಾ ಎಂಬ ಮಹನೀಯ ಅವರ ನುಡಿಗೆ ಸುಮಾರು 85 ಅಕ್ಷರಗಳ ಲಿಪಿಯನ್ನು 1821ರ ಹೊತ್ತಿಗೆ ರಚಿಸಿ ಮುಗಿಸಿದನು, 1828ರಿಂದ ಆ ಲಿಪಿಯಲ್ಲಿ ಪತ್ರಿಕೆಯೂ ಅಚ್ಚಾಯಿತು. ಅಕ್ಷರ ಕಲಿಸುವ ವೃತ್ತಿಯವರಾದ ನಾವು ಈ ಸಂಗತಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಸೇಡನ್ನು ಬಿಟ್ಟು ಕಾನೂನನ್ನು ಅಪ್ಪಿಕೊಂಡ ಈ ಜನಕ್ಕೆ ಕಾನೂನಿನಿಂದ ಸಿಕ್ಕಿದ ಫಲ ಯಾವುದು? ಜಾರ್ಜಿಯಾ ರಾಜ್ಯದ ಕಾಯಿದೆಗಳು ಚೆರೊಕೀ ನೆಲದಲ್ಲಿ ನಡೆಯವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1832ರಲ್ಲಿ ತೀರ್ಪಿತ್ತಿತು. ಆ ತೀರ್ಪು ಕಾಗದದಲ್ಲಿಯೇ ಉಳಿಯಿತು. 1838-39ರಲ್ಲಿ ಸೈನ್ಯದ ಬಲದಿಂದ ಅವರನ್ನು ತಾಯ್ನೆಲದಿಂದ ಪಶ್ಚಿಮಕ್ಕೆ ಅಟ್ಟಲಾಯಿತು. ಆ ದಾರಿಯಲ್ಲಿ, ಶಿಬಿರಗಳಲ್ಲಿ ಸುಮಾರು 4,000 ಮಂದಿ ಸತ್ತರೆಂದು ಸಾಮಾನ್ಯವಾದ ಎಣಿಕೆ.

ಮತ್ತೊಂದು ಜನಾಂಗದ ಉದಾಹರಣೆಯೂ ಈ ವಿಚಾರಕ್ಕೆ ಸಲ್ಲುತ್ತದೆ. 1881ರಲ್ಲಿ ಲಕೋಟಾ ಜನರ ಕ್ರೋ ಡಾಗ್ ಎಂಬವನು ಸ್ಪಾಟೆಡ್ ಟೇಲ್ ಎಂಬ ನಾಯಕನನ್ನು ಕೊಂದನು. ಎರಡು ಮನೆಗಳವರು ಹಿರಿಯರ ಮುಂದೆ ಕುಳಿತು, ಕೊಂದವನ ಕಡೆಯವರು 600 ಡಾಲರು, ಎಂಟು ಕುದುರೆ, ಒಂದು ಕಂಬಳಿಯನ್ನು ಸತ್ತವನ ಮನೆಗೆ ಕೊಡುವುದೆಂದು ತೀರ್ಮಾನಿಸಿ ವೈರವನ್ನು ಮುಗಿಸಿದರು. ಬಿಳಿಯರ ನ್ಯಾಯಾಲಯಕ್ಕೆ ಇದು ಸಾಲದೆಂದು ತೋರಿ ಕ್ರೋ ಡಾಗ್‌ನಿಗೆ ನೇಣಿನ ಶಿಕ್ಷೆ ವಿಧಿಸಿತು. 1883ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ತಳ್ಳಿಹಾಕಿತು. ಆಗ 1885ರಲ್ಲಿ ಹೊಸ ಕಾಯಿದೆಯೊಂದನ್ನು ತಂದು ಮೂಲನಿವಾಸಿಗಳು ತಮ್ಮೊಳಗೆ ಮಾಡಿದ ಕೊಲೆ ಮೊದಲಾದ ದೊಡ್ಡ ಅಪರಾಧಗಳನ್ನೂ ಕೇಂದ್ರದ ನ್ಯಾಯಾಲಯಗಳ ಕೆಳಗೆ ಸೇರಿಸಲಾಯಿತು. ಗನ್ ಹಿಲ್‌ನ ಚಿತ್ರ ಕೋವಿ ಅಥವಾ ಹಗ್ಗ ಎಂಬ ಎರಡೇ ದಾರಿಗಳನ್ನು ಬಲ್ಲದು. ಸತ್ತವಳ ಹಿಂದಿನ ಲೋಕದಲ್ಲಿ ಬೇರೆ ದಾರಿಗಳನ್ನು ಯೋಚಿಸಿದ್ದವರಿದ್ದರು.

ಹೆಣ್ಣುಪಾತ್ರಗಳ ಮಾತು ಬಂದುದರಿಂದ ಲಿಂಡಾಳನ್ನು ಮರೆಯುವಂತಿಲ್ಲ. ಕ್ಯಾರಲಿನ್ ಜೋನ್ಸ್ ಅಭಿನಯಿಸಿದ ಈ ಪಾತ್ರ ಮೇಲ್ನೋಟಕ್ಕೆ ಪಾನಗೃಹದ ಸುತ್ತಿನ ಮಾಮೂಲು ಹೆಂಗಸಿನಂತಿದೆ. ಆದರೆ ನೈತಿಕವಾಗಿ ನಿರ್ಣಯ ಕೈಗೊಳ್ಳುವವಳು ಇಡೀ ಊರಿನಲ್ಲಿ ಇವಳೊಬ್ಬಳೇ. ನಡೆದ ಪಾಪ ಇಂಥದೆಂದು ಖಚಿತವಾಗಿ ತಿಳಿದುಕೊಂಡ ಮೇಲೆಯೇ ಅವಳು ಕೋವಿಯನ್ನು ಒಯ್ದು ಕೊಡುತ್ತಾಳೆ. ಅವಳಿಗೆ ಸೇಡು ಬೇಡ, ವಾರಂಟಿನ ಗೊಡವೆಯೂ ಇಲ್ಲ. ತಾನು ಪೆಟ್ಟು ತಿಂದವಳಾದುದರಿಂದ ಇನ್ನೊಬ್ಬಳ ಪೆಟ್ಟು ಅವಳಿಗೆ ಅರ್ಥವಾಗುತ್ತದೆ. ಷೆರಿಫ್ ಮಾಡಲಾರದ್ದನ್ನು ಇವಳು ಮಾಡುತ್ತಾಳೆ. ಚಿತ್ರ ಈ ಪಾತ್ರಕ್ಕೆ ಇನ್ನೂ ಹೆಚ್ಚು ಅವಕಾಶ ಕೊಡಬೇಕಾಗಿತ್ತು.

ಕಾನೂನಿನ ಮನುಷ್ಯನ ಸೇಡು ಕವಿಕಲ್ಪನೆ ಮಾತ್ರವಲ್ಲ. ಅರಿಜೋನಾದ ಟೂಮ್‌ಸ್ಟೋನ್ ಎಂಬ ಗಣಿಯೂರಿನಲ್ಲಿ 1881ರ ಅಕ್ಟೋಬರ್ 26ರಂದು ವಯಟ್ ಅರ್ಪ್, ಅವನ ಸೋದರರು ಮತ್ತು ಡಾಕ್ ಹಾಲಿಡೇ ಒಂದು ಕಡೆ, ಕ್ಲಾಂಟನ್ ಮತ್ತು ಮೆಕ್‌ಲಾರಿ ಮನೆತನದವರು ಮತ್ತೊಂದು ಕಡೆ ನಿಂತು ಹೊಡೆದಾಡಿದುದು ಇತಿಹಾಸ. ಅದರ ಬೆನ್ನಿಗೆ ಒಬ್ಬ ಸೋದರ ಗುಂಡೇಟಿನಿಂದ ಅಂಗಹೀನನಾದ, 1882ರ ಮಾರ್ಚ್ 18ರಂದು ಇನ್ನೊಬ್ಬ ಸೋದರ ಕೊಲೆಯಾದ. ಆಗ ವಯಟ್ ಅರ್ಪ್ ಕೇಂದ್ರ ಸರಕಾರದ ಉಪಮಾರ್ಷಲ್ ಆಗಿದ್ದನು. ಎರಡು ದಿನಗಳ ಮೇಲೆ ಟೂಸಾನ್ ಪಟ್ಟಣದ ರೈಲುನಿಲ್ದಾಣದಲ್ಲಿ ಫ್ರಾಂಕ್ ಸ್ಟಿಲ್ವೆಲ್ ಎಂಬವನನ್ನು ಅವನ ತಂಡ ಕೊಂದಿತು. ಮುಂದಿನ ದಿನಗಳಲ್ಲಿ ಇನ್ನೂ ಕೆಲವರು ಬಿದ್ದರು. ಎದೆಯ ಮೇಲೆ ನಕ್ಷತ್ರವಿದ್ದವನನ್ನೇ ಹಿಡಿಯಲು ಟೂಸಾನಿನಲ್ಲಿ ವಾರಂಟು ಹೊರಟಿತು, ಅವನು ಅರಿಜೋನಾ ಬಿಟ್ಟು ಹೋದನು. ಸ್ಟುವರ್ಟ್ ಲೇಕ್ ಎಂಬವರು 1931ರಲ್ಲಿ ಬರೆದ ಜೀವನಚರಿತ್ರೆ ಅವನನ್ನು ಕಳಂಕವಿಲ್ಲದ ವೀರನನ್ನಾಗಿ ಮಾಡಿತು, ಹಾಲಿವುಡ್ ಆ ವೀರನನ್ನು ಪೂಜಿಸಿತು. ಸ್ವತಃ ಸ್ಟರ್ಜಸ್ ಅವರೇ 1957ರಲ್ಲಿ ಇದೇ ಕಥೆಯನ್ನು ‘ಗನ್‌ಫೈಟ್ ಅಟ್ ದಿ ಓ.ಕೆ. ಕೊರಾಲ್’ ಎಂದು ತೆಗೆದರು. ಅದರಲ್ಲಿ ಡಾಕ್ ಹಾಲಿಡೇ ಆಗಿ ನಟಿಸಿದವರು ಕರ್ಕ್ ಡಗ್ಲಸ್. ಹೊಡೆದಾಟ ಮುಗಿದೊಡನೆ ಆ ಚಿತ್ರವೂ ಮುಗಿಯುತ್ತದೆ. ಸೋದರನ ಕೊಲೆಗೆ ಪ್ರತಿಯಾಗಿ ಮುಂದೆ ನಡೆದ ಆ ಬೇಟೆಯ ಗೋಜಿಗೆ ಅದು ಹೋಗುವುದಿಲ್ಲ.

ಹತ್ತು ವರ್ಷಗಳ ಮೇಲೆ, 1967ರಲ್ಲಿ, ಸ್ಟರ್ಜಸ್ ಅದೇ ಅರ್ಪ್‌ನ ಕಡೆಗೆ ಮತ್ತೆ ತಿರುಗಿದರು. ‘ಅವರ್ ಆಫ್ ದಿ ಗನ್’ ಎಂಬ ಆ ಚಿತ್ರ ಹಿಂದಿನದು ಎಲ್ಲಿ ಮುಗಿಯಿತೋ ಅಲ್ಲಿಂದ, ಅಂದರೆ ಹೊಡೆದಾಟದಿಂದಲೇ ಆರಂಭವಾಗುತ್ತದೆ. ಜೇಮ್ಸ್ ಗಾರ್ನರ್ ಅರ್ಪ್, ಜೇಸನ್ ರೊಬಾರ್ಡ್ಸ್ ಹಾಲಿಡೇ. ಸೋದರನ ಕೊಲೆಗಾರರ ಮೇಲೆ ವಾರಂಟುಗಳನ್ನು ಜೇಬಿನಲ್ಲಿಟ್ಟುಕೊಂಡು ಅರ್ಪ್ ಹೊರಡುತ್ತಾನೆ. ಒಬ್ಬೊಬ್ಬರನ್ನಾಗಿ ಹುಡುಕುತ್ತಾನೆ, ಕತ್ತಿ ಮಸೆದಂಥ ಸೌಜನ್ಯದಿಂದ ಪಿಸ್ತೂಲೆಳೆಯಲು ಅವರಿಗೆ ಅವಕಾಶ ಕೊಡುತ್ತಾನೆ, ಕೊಲ್ಲುತ್ತಾನೆ. ಇವು ವಾರಂಟುಗಳಲ್ಲ, ಬೇಟೆಯಾಡುವ ಪರವಾನಗಿಗಳು ಎಂಬ ಅರ್ಥದ ಮಾತನ್ನು ಹಾಲಿಡೇ ಅವನ ಮುಖದ ಮೇಲೆಯೇ ಆಡಿಬಿಡುತ್ತಾನೆ. ಗನ್ ಹಿಲ್‌ನ ಹೋಟೆಲು ಕೋಣೆಯಲ್ಲಿ ಮಾರ್ಗನ್‌ನಿಗೆ ಯಾರೂ ಹೇಳದೆ ಬಿಟ್ಟ ಮಾತು ಅದು. ಈ ಎರಡನೆಯ ಚಿತ್ರಕ್ಕೆ ಮೊದಲಿನದರ ಓಟವಿಲ್ಲ, ಬಿಗಿಯಿಲ್ಲ, ಬೆಲ್ಡನ್‌ನಂಥ ಪಾತ್ರವೂ ಇಲ್ಲ. ಮನರಂಜನೆಯ ದೃಷ್ಟಿಯಿಂದ ಅದು ಕೆಳಗಿನದೆಂದೇ ಹೇಳಬೇಕು. ಆದರೆ ಅಲ್ಲಿ ಗುರಿತಪ್ಪಿದ ಗುಂಡು ಯಾವುದೂ ಬಂದು ನಾಯಕನನ್ನು ಉಳಿಸುವುದಿಲ್ಲ. ಕಡೆಗೆ ಉಳಿದವನು ಐಕ್ ಕ್ಲಾಂಟನ್. ನಿಜವಾದ ಐಕ್ ಸತ್ತದ್ದು 1887ರಲ್ಲಿ, ಬೇರೆಯವರ ಕೈಯಲ್ಲಿ. ಚಿತ್ರದಲ್ಲಿ ಅವನು ಮೆಕ್ಸಿಕೋ ದೇಶದಲ್ಲಿದ್ದಾನೆ. ಅರ್ಪ್ ಗಡಿ ದಾಟಿ, ಜೇಬಿನ ವಾರಂಟು ಎಲ್ಲಿ ಬರಿಯ ಕಾಗದವೋ ಆ ನೆಲಕ್ಕೆ ಹೋಗಿ ಅವನನ್ನು ಕೊಲ್ಲುತ್ತಾನೆ.